ಎಣ್ಣೆ ಪೀಪಾಯಿ ಹಾಡಿದ ಕತೆ

1881ರ ಫೆಬ್ರವರಿಯ ಕೊನೆಯ ಭಾನುವಾರ. ನಡುರಾತ್ರಿಗೆ ಸರಿಯಾಗಿ ಪೋರ್ಟ್ ಆಫ್ ಸ್ಪೇನ್ ಊರಿನ ಗಲ್ಲಿಗಳಲ್ಲಿ ಪಂಜುಗಳು ಹೊತ್ತಿಕೊಂಡವು, ಡೋಲುಗಳು ಮೊಳಗಿದವು. ಟ್ರಿನಿಡಾಡ್ ದ್ವೀಪದ ಈ ಬಂದರಿನಲ್ಲಿ ಕಾರ್ನಿವಲ್ ಹಬ್ಬ ಶುರುವಾಗುತ್ತಿದ್ದುದೇ ಹಾಗೆ. ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು, ಕಬ್ಬಿನ ಗದ್ದೆಗೆ ಬೆಂಕಿ ಬಿದ್ದ ಹಳೆಯ ರಾತ್ರಿಗಳನ್ನು ನೆನೆಯುತ್ತ, ದೊಣ್ಣೆ ಹಿಡಿದು ಹಾಡಿಕೊಂಡು ಮೆರವಣಿಗೆ ಹೊರಡುತ್ತಿದ್ದರು. ಆ ರಾತ್ರಿ ಬೀದಿಯಲ್ಲಿ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಬೇಕರ್ ತನ್ನ ಪಡೆಯೊಂದಿಗೆ ಕಾದು ನಿಂತಿದ್ದ. ಹಿಂದಿನ ವರ್ಷ ಇದೇ ಬೇಕರ್ ಪಂಜು, ದೊಣ್ಣೆ, ಡೋಲು ಎಲ್ಲವನ್ನೂ ಒಪ್ಪಿಸಿ ಎಂದಾಗ ಜನ ತೆಪ್ಪಗೆ ಒಪ್ಪಿಸಿದ್ದರು. ಈ ಸಲ ಒಪ್ಪಿಸಲಿಲ್ಲ. ಕಲ್ಲು, ಬಾಟಲಿ, ಲಾಠಿಗಳ ಕಾಳಗ ಗಂಟೆಗಟ್ಟಲೆ ನಡೆಯಿತು. ಕೊನೆಗೆ ಗವರ್ನರ್ ಫ್ರೀಲಿಂಗ್ ಖುದ್ದಾಗಿ ಜನರೆದುರು ನಿಂತು ಸಮಾಧಾನದ ಮಾತಾಡಬೇಕಾಯಿತು. ಪೊಲೀಸರು ಬ್ಯಾರಕ್ಕು ಬಿಟ್ಟು ಹೊರಬರದಂತೆ ನೋಡಿಕೊಳ್ಳಬೇಕಾಯಿತು.

ಜನ ಗೆದ್ದಂತೆ ಕಂಡಿತು. ಆದರೆ ಲಾಠಿಯಿಂದ ಆಗದ್ದನ್ನು ಸರ್ಕಾರ ಕಾಗದದಿಂದ ಮಾಡಿತು. 1884ರಲ್ಲಿ ಬಂದ ಶಾಂತಿ ರಕ್ಷಣೆಯ ಕಾನೂನು ಪಂಜಿನ ಮೆರವಣಿಗೆಯನ್ನೂ ದೊಣ್ಣೆ ಹಿಡಿದ ಗುಂಪುಗಳನ್ನೂ ಅಡಗಿಸಿತು. ಬೀದಿಯಲ್ಲಿ ಚರ್ಮವಾದ್ಯ ಬಡಿಯುವಂತಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ದ್ವೀಪದ ದಕ್ಷಿಣದ ಸ್ಯಾನ್ ಫರ್ನಾಂಡೊ ಊರಿನಲ್ಲಿ ಮೊಹರಂ ಮೆರವಣಿಗೆ ಹೊರಟ ಭಾರತೀಯ ಕೂಲಿಗಳ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಡೋಲಿನ ಸದ್ದು ಕೇಳಿದರೆ ಆಳುವವರಿಗೆ ದಂಗೆಯ ವಾಸನೆ ಬಡಿಯುತ್ತಿದ್ದ ಕಾಲ ಅದು.

ಪೋರ್ಟ್ ಆಫ್ ಸ್ಪೇನ್ ಊರಿನಲ್ಲಿ ಸದ್ದಿಗೇನೂ ಬರವಿರಲಿಲ್ಲ. ಸ್ಪೇನ್ ದೇಶದವರು ಕಟ್ಟಿದ ಬಂದರಿಗೆ 1783ರ ನಂತರ ಫ್ರೆಂಚ್ ತೋಟಗಾರರು ತಮ್ಮ ಗುಲಾಮರನ್ನು ಕರೆದುಕೊಂಡು ಬಂದರು. 1797ರಲ್ಲಿ ಬ್ರಿಟಿಷರು ಬಂದು ದ್ವೀಪವನ್ನೇ ನುಂಗಿದರು. ಗುಲಾಮಗಿರಿ ಮುಗಿದು ಕಬ್ಬಿನ ತೋಟಕ್ಕೆ ಆಳು ಸಾಲದಾದಾಗ, 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಕೋಲ್ಕತ್ತದಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ತಂದಿಳಿಸಿತು. 1917ರಲ್ಲಿ ಆ ಕರಾರು ಪದ್ಧತಿ ನಿಲ್ಲುವಷ್ಟರಲ್ಲಿ 1,40,000ಕ್ಕೂ ಹೆಚ್ಚು ಭಾರತೀಯರು ಬಂದಿದ್ದರು. ಚೀನಾದವರು, ಮದೀರಾ ದ್ವೀಪದ ಪೋರ್ಚುಗೀಸರು, ವೆನೆಜುವೆಲಾದವರು, ಸಿರಿಯಾ ಲೆಬನಾನಿನ ಬಟ್ಟೆ ವ್ಯಾಪಾರಿಗಳು ಒಬ್ಬರ ಹಿಂದೊಬ್ಬರು ಬಂದರು. ಒಂದು ಕೇರಿಯಲ್ಲಿ ವೆನೆಜುವೆಲಾದ ತಂತಿವಾದ್ಯ, ಇನ್ನೊಂದರಲ್ಲಿ ಫ್ರೆಂಚ್ ಬೆರೆತ ಆಡುಮಾತಿನ ಕಲಿಪ್ಸೊ ಹಾಡು, ಚರ್ಚಿನಲ್ಲಿ ಆರ್ಗನ್. ಊರಿನ ಪಶ್ಚಿಮಕ್ಕಿದ್ದ ಸೇಂಟ್ ಜೇಮ್ಸ್ ಕೇರಿಯಲ್ಲಿ ಮೊಹರಂ ಬಂತೆಂದರೆ ತಾಸಾ ವಾದ್ಯದವರು ಬೆಂಕಿ ಹಾಕಿಕೊಂಡು, ನಮ್ಮ ತಮಟೆಯವರಂತೆಯೇ, ಆಡಿನ ಚರ್ಮವನ್ನು ಕಾಯಿಸಿ ಬಿಗಿ ಮಾಡುತ್ತಿದ್ದರು. ಆಫ್ರಿಕನ್ ಹುಡುಗರು ಸುತ್ತ ನಿಂತು ನೋಡುತ್ತಿದ್ದರು. ವಾದ್ಯ ಬಡಿದರೆ ಹೇಗೆ, ಕಾಯಿಸಿದರೆ ಹೇಗೆ ಎಂಬುದು ಆ ಹುಡುಗರ ಕಿವಿಗೆ ಅಲ್ಲಿಂದಲೂ ಒಂದಿಷ್ಟು ಬಿದ್ದಿರಬೇಕು.

ಡೋಲು ಹೋಯಿತು, ಕಾರ್ನಿವಲ್ ಹೋಗಲಿಲ್ಲ. ಸುತ್ತಲಿನ ಗುಡ್ಡಗಳಲ್ಲಿ ಬಿದಿರು ಬೇಕಾದಷ್ಟಿತ್ತು, ಬಿದಿರನ್ನು ಡೋಲು ಎಂದು ಯಾವ ಕಾನೂನೂ ಕರೆದಿರಲಿಲ್ಲ. ಆಳುದ್ದದ ದಪ್ಪ ಬೊಂಬನ್ನು ನೆಲಕ್ಕೆ ಕುಟ್ಟಿದರೆ ತಳದ ಗುಡುಗು ಬರುತ್ತಿತ್ತು. ಅದಕ್ಕೆ ಬೂಮ್ ಎಂದು ಹೆಸರಿಟ್ಟರು. ಎರಡು ಗಿಡ್ಡ ತುಂಡುಗಳನ್ನು ಒಂದಕ್ಕೊಂದು ತಾಕಿಸುವುದು ಫುಲೆ. ಹೆಗಲ ಮೇಲೆ ಸಣ್ಣ ಬೊಂಬಿಟ್ಟುಕೊಂಡು ಕಡ್ಡಿಯಿಂದ ಬಡಿಯುವುದು ಕಟರ್. ಜೊತೆಗೆ ಬಾಟಲಿ, ಚಮಚ. ಇದೆಲ್ಲ ಸೇರಿ ತಂಬು ಬಾಂಬು ಆಯಿತು. ಸುಮಾರು ಐವತ್ತು ವರ್ಷ ಪೋರ್ಟ್ ಆಫ್ ಸ್ಪೇನ್ ಬಿದಿರಿನ ಮೇಲೆಯೇ ಕುಣಿಯಿತು.

ಬಿದಿರಿಗೆ ಎರಡು ಕೇಡುಗಳಿದ್ದವು. ಕಲ್ಲು ಹಾಸಿದ ಬೀದಿಗೆ ಕುಟ್ಟಿ ಕುಟ್ಟಿ ಹಬ್ಬದ ನಡುವೆಯೇ ಸೀಳಿ ಹೋಗುತ್ತಿತ್ತು. ಪೊಳ್ಳು ಬೊಂಬಿನೊಳಗೆ ಚೂರಿ ಇಟ್ಟುಕೊಂಡು ಬರುತ್ತಾರೆಂದು ಪೊಲೀಸರಿಗೆ ಗುಮಾನಿಯೂ ಇತ್ತು. ಎಷ್ಟೋ ಸಲ ಆ ಗುಮಾನಿ ಸುಳ್ಳಾಗಿರಲಿಲ್ಲ. 1930ರ ದಶಕದಲ್ಲಿ ಬೊಂಬು ಸೀಳಿದವನೊಬ್ಬ ಸುಮ್ಮನಿರಲಾರದೆ ರಸ್ತೆ ಬದಿಯ ತಗಡಿನ ಡಬ್ಬಿ ಎತ್ತಿಕೊಂಡ. ಅವನು ಯಾರು, ಯಾವ ಕೇರಿಯವನು ಎಂದು ಕೇಳಿದರೆ ಊರಿನ ಪ್ರತಿ ಕೇರಿಯೂ ತನ್ನವನನ್ನೇ ಮುಂದೆ ನಿಲ್ಲಿಸುತ್ತಿತ್ತು. ಡಬ್ಬಿಯ ಸದ್ದು ಬಿದಿರಿಗಿಂತ ದೂರ ಕೇಳುತ್ತಿತ್ತು, ಒಡೆಯುತ್ತಲೂ ಇರಲಿಲ್ಲ. ಬಣ್ಣದ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಕಸದ ತೊಟ್ಟಿಯ ಮುಚ್ಚಳ, ಹಳೆ ಮೋಟಾರಿನ ಪೆಟ್ರೋಲ್ ಟ್ಯಾಂಕು, ಬ್ರೇಕ್ ಡ್ರಮ್ಮು ಎಲ್ಲಕ್ಕೂ ಬೆಲೆ ಬಂತು. ಹಬ್ಬ ಹತ್ತಿರ ಬಂದಂತೆ ಅಂಗಳದ ಕಸದ ತೊಟ್ಟಿಗಳು ಕಣ್ಮರೆಯಾಗತೊಡಗಿದವು.

1939ರ ಕಾರ್ನಿವಲ್ ಹೊತ್ತಿಗೆ ನ್ಯೂಟೌನ್ ಕೇರಿಯ ಹುಡುಗರು ಬಿದಿರನ್ನು ಪೂರ್ತಿ ಬಿಟ್ಟು, ಬರೀ ಲೋಹದ ಡಬ್ಬಿಗಳ ತಂಡ ಕಟ್ಟಿಕೊಂಡು ಬೀದಿಗಿಳಿದರು. ಹಿಂದಿನ ವರ್ಷವಷ್ಟೇ ಬಂದಿದ್ದ ಹಾಲಿವುಡ್ ಸಿನಿಮಾದ ಹೆಸರನ್ನೇ ತಂಡಕ್ಕೆ ಇಟ್ಟಿದ್ದರು: ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್. ಮುಂದಾಳು ತನಗೇ ಲಾರ್ಡ್ ಹಂಬಗ್ಗರ್ ಎಂಬ ಬಿರುದು ಕೊಟ್ಟುಕೊಂಡಿದ್ದ ಕಾರ್ಲ್‌ಟನ್ ಫೋರ್ಡ್. ಸಂಗೀತ ಬಲ್ಲವರು ಕಿವಿ ಮುಚ್ಚಿಕೊಂಡರು. ಹುಡುಗರು ಹಿಂದೆ ಹಿಂದೆ ಓಡಿದರು. ಆಗಿನ್ನೂ ಅದು ಬರೀ ತಾಳ. ಒಂದು ಡಬ್ಬಿಯ ಸದ್ದು ದಪ್ಪ, ಇನ್ನೊಂದರದ್ದು ತೆಳು, ಅಷ್ಟೆ. ಒಂದೇ ಡಬ್ಬಿಯಲ್ಲಿ ಒಂದು ರಾಗ ಅಡಗಿದೆ ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಊರಿನ ಪೂರ್ವಕ್ಕೆ, ಒಣಹೊಳೆಯಾಚೆ, ಗುಡ್ಡದ ಮೈಗೆ ಅಂಟಿಕೊಂಡ ಗುಡಿಸಲುಗಳ ಜಾನ್ ಜಾನ್ ಎಂಬ ಕೇರಿಯಿತ್ತು. ಅಲ್ಲಿನ ವಿನ್‌ಸ್ಟನ್ ಸೈಮನ್‌ನನ್ನು ಎಲ್ಲರೂ ಸ್ಪ್ರೀ ಎಂದೇ ಕರೆಯುತ್ತಿದ್ದರು. ಅವನ ಬಳಿ ಕೆಟಲ್ ಎಂದು ಕರೆಯುತ್ತಿದ್ದ ಒಂದು ಲೋಹದ ಡ್ರಮ್ಮಿತ್ತು. ಒಂದು ದಿನ ತಂಡದ ಜೊತೆ ಬಾರಿಸುತ್ತಿದ್ದವನು ಗೆಳೆಯ ವಿಲ್ಸನ್ ಬಾರ್ಥಲೋಮ್ಯೂ ಕೈಗೆ ಡ್ರಮ್ಮು ಕೊಟ್ಟು ಅತ್ತ ಹೋದ. ಗೆಳೆಯ ಹುರಿಯಾಳು, ತೋಳಿನಲ್ಲಿ ಬಲ ಬಹಳ. ಸ್ಪ್ರೀ ಮರಳಿ ಬರುವಷ್ಟರಲ್ಲಿ ಡ್ರಮ್ಮಿನ ಮುಖ ಒಳಕ್ಕೆ ನೆಗ್ಗಿ ಹೋಗಿತ್ತು. ಬಾರಿಸಿ ನೋಡಿದ. ಅವನಿಗೆ ಗೊತ್ತಿದ್ದ ಆ ಸದ್ದು ಸತ್ತಿತ್ತು.

ಸ್ಪ್ರೀ ಒಂದು ಕಲ್ಲು ಹುಡುಕಿಕೊಂಡು ಕೂತ. ಒಳಗಿನಿಂದ ಬಡಿದು ನೆಗ್ಗನ್ನು ಮೇಲಕ್ಕೆಬ್ಬಿಸಿದರೆ ಹಳೆಯ ಸದ್ದು ಮರಳೀತು ಎಂಬುದಷ್ಟೇ ಅವನ ಲೆಕ್ಕ. ಒಂದು ಕಡೆ ಬಡಿದ, ತಿರುಗಿಸಿ ತಟ್ಟಿ ನೋಡಿದ. ಸದ್ದು ಬೇರೆ ಬಂತು. ಇನ್ನೊಂದು ಕಡೆ ಬಡಿದ. ಅಲ್ಲಿ ಮತ್ತೊಂದು ಸದ್ದು. ಜೋರಾಗಿ ಬಡಿದ ಕಡೆ ಒಂದು ಶ್ರುತಿ, ಮೆಲ್ಲಗೆ ಬಡಿದ ಕಡೆ ಇನ್ನೊಂದು. ಹಳೆಯ ಸದ್ದು ಮರಳಲಿಲ್ಲ. ಅದರ ಬದಲು ಒಂದೇ ತಗಡಿನ ಮೇಲೆ ಅಕ್ಕಪಕ್ಕದಲ್ಲಿ ಬೇರೆ ಬೇರೆ ಸ್ವರಗಳು ಕೂತಿದ್ದವು. ರಿಪೇರಿ ಮಾಡುವ ಆಸೆಯನ್ನು ಅಲ್ಲಿಗೇ ಬಿಟ್ಟು, ಬೇಕೆಂದೇ ಉಬ್ಬು ತಗ್ಗು ಮಾಡತೊಡಗಿದ. ಮೊದಲಿಗೆ ದಕ್ಕಿದ್ದು ನಾಲ್ಕು ಸ್ವರ. ನಾಲ್ಕು ಸ್ವರವಿದ್ದರೆ ಮಕ್ಕಳ ಹಾಡೊಂದನ್ನು ನುಡಿಸಬಹುದು.

ಈ ಕತೆಯನ್ನು ಸ್ಪ್ರೀ ಕೊನೆಯವರೆಗೂ ಹೇಳಿದ, ಟ್ರಿನಿಡಾಡಿನ ಮಕ್ಕಳೂ ಇದನ್ನೇ ಕೇಳಿಕೊಂಡು ಬೆಳೆದರು. ಊರಿನ ಇತರ ಕೇರಿಗಳು ಮಾತ್ರ ಒಪ್ಪಲಿಲ್ಲ. ಸ್ವರ ಮೊದಲು ಸಿಕ್ಕಿದ್ದು ನ್ಯೂಟೌನಿನ ವಿಕ್ಟರ್ ವಿಲ್ಸನ್‌ಗೆ ಎಂದರು ಕೆಲವರು. ಹೆಲ್ ಯಾರ್ಡಿನ ನೆವಿಲ್ ಜೂಲ್ಸ್‌ಗೆ ಎಂದರು ಮತ್ತೆ ಕೆಲವರು. ತೀರ್ಪು ಕೊಡಲು ಕಾಗದ ಪತ್ರ ಯಾವುದೂ ಇಲ್ಲ. ಪೊಲೀಸರ ಕಣ್ಣು ತಪ್ಪಿಸಿ ಹಿತ್ತಿಲಲ್ಲಿ ಡಬ್ಬಿ ಬಡಿಯುತ್ತಿದ್ದ ಹುಡುಗರು ಡೈರಿ ಬರೆದಿಡುವವರಲ್ಲ. ಎಲ್ಲ ಸಾಕ್ಷಿಗಳನ್ನೂ ತೂಗಿದರೆ ಒಂದು ಮಾತು ನಿಲ್ಲುತ್ತದೆ: ಊರಿಡೀ ಡಬ್ಬಿ ಬಡಿಯುತ್ತಿದ್ದಾಗ ಡಬ್ಬಿಗಳೆಲ್ಲ ನೆಗ್ಗಿದವು. ನೆಗ್ಗಿದ ಕಡೆ ಕಿವಿಗೊಟ್ಟವರು ಒಬ್ಬಿಬ್ಬರಲ್ಲ.

ಅಷ್ಟರಲ್ಲಿ ಯುದ್ಧ ಬಂತು. 1942ರಿಂದ ಕಾರ್ನಿವಲ್ ನಿಂತಿತು, ಯುದ್ಧ ಮುಗಿಯುವವರೆಗೂ ಬೀದಿಗಿಳಿಯುವಂತಿರಲಿಲ್ಲ. ಬ್ರಿಟನ್ ಹಳೆಯ ಯುದ್ಧನೌಕೆಗಳಿಗೆ ಬದಲಾಗಿ ನೆಲೆ ಕೊಟ್ಟದ್ದರಿಂದ ಅಮೆರಿಕದ ಸೈನಿಕರು ಚಗುವಾರಾಮಸ್‌ನಲ್ಲಿ, ವಾಲರ್ ಫೀಲ್ಡ್‌ನಲ್ಲಿ ಬೀಡುಬಿಟ್ಟರು. ಅವರ ಹಿಂದೆ ಡಾಲರ್, ರೇಡಿಯೊ, ಸಿನಿಮಾ ಎಲ್ಲ ಬಂದವು. ಲಾರ್ಡ್ ಇನ್ವೇಡರ್ ಎಂಬ ಕಲಿಪ್ಸೊ ಗಾಯಕ ಆ ಸೈನಿಕರ ಬಗ್ಗೆ ‘ರಮ್ ಅಂಡ್ ಕೋಕಾ ಕೋಲಾ’ ಎಂಬ ಹಾಡು ಕಟ್ಟಿದ. ಅಮೆರಿಕದವರು ಅದನ್ನು ಎತ್ತಿಕೊಂಡು ಹೋಗಿ, ಆಂಡ್ರ್ಯೂಸ್ ಸೋದರಿಯರಿಂದ ಹಾಡಿಸಿ ಕೈತುಂಬ ದುಡಿದರು. ಹಾಡಿನ ಒಡೆತನಕ್ಕಾಗಿ ಟ್ರಿನಿಡಾಡಿನವರು ಅಮೆರಿಕದ ಕೋರ್ಟು ಹತ್ತಿ ಗೆದ್ದದ್ದು ಬೇರೆಯೇ ಒಂದು ಕತೆ. ಈ ಕತೆಗೆ ಬೇಕಾದದ್ದು ಆ ಸೈನಿಕರು ಬಿಸಾಡಿದ ವಸ್ತು. ನೆಲೆಗಳ ಸುತ್ತ, ದ್ವೀಪದ್ದೇ ಆದ ತೈಲ ಉದ್ದಿಮೆಯ ಸುತ್ತ, 55 ಗ್ಯಾಲನ್ ಹಿಡಿಸುವ ಉಕ್ಕಿನ ಎಣ್ಣೆ ಪೀಪಾಯಿಗಳು ರಾಶಿ ಬಿದ್ದಿದ್ದವು.

ಬೀದಿ ಮುಚ್ಚಿದ್ದರಿಂದ ಹುಡುಗರು ಹಿತ್ತಿಲು ಸೇರಿದರು. ಮೆರವಣಿಗೆಯಲ್ಲಿ ನಡೆಯುತ್ತ ಬಡಿಯುವವನಿಗೆ ಕೇಳಿಸಿಕೊಳ್ಳುವ ಪುರಸೊತ್ತು ಎಲ್ಲಿಂದ? ಕೂತು ಬಡಿಯುವವನಿಗೆ ಅದಿತ್ತು. ನಾಲ್ಕು ಸ್ವರ ಐದಾಯಿತು, ಏಳಾಯಿತು. ಸದ್ದು ಹೊರಗೆ ಬಿದ್ದರೆ ಪೊಲೀಸರು ನುಗ್ಗಿ ಡಬ್ಬಿ ಕಿತ್ತುಕೊಳ್ಳುತ್ತಿದ್ದರು, ಹುಡುಗರು ಕೋರ್ಟಿನಲ್ಲಿ ದಂಡ ಕಟ್ಟುತ್ತಿದ್ದರು, ಮರುವಾರ ಹೊಸ ಡಬ್ಬಿ ಹುಡುಕುತ್ತಿದ್ದರು. 1945ರ ಮೇ ತಿಂಗಳಲ್ಲಿ ಯುರೋಪಿನ ಯುದ್ಧ ಮುಗಿದ ಸುದ್ದಿ ಬಂದಾಗ ಈ ಹಿತ್ತಿಲುಗಳೆಲ್ಲ ಒಟ್ಟಿಗೆ ಬೀದಿಗೆ ನುಗ್ಗಿದವು. ಮೂರು ವರ್ಷದ ಹಿಂದೆ ಬರೀ ತಾಳ ಬಡಿದಿದ್ದ ಡಬ್ಬಿಗಳು ಈಗ ಹಾಡಿನ ತುಣುಕುಗಳನ್ನು ನುಡಿಸುತ್ತಿದ್ದವು.

ಮರುವರ್ಷದ ಕಾರ್ನಿವಲ್‌ನಲ್ಲಿ ಸ್ಪ್ರೀ ಸೈಮನ್ ಗವರ್ನರ್ ಬೀಡ್ ಕ್ಲಿಫರ್ಡ್ ಎದುರು ನಿಂತ. ಅವನ ಪಿಂಗ್ ಪಾಂಗ್ ಎಂಬ ಡ್ರಮ್ಮಿನಲ್ಲಿ ಆಗ ಹದಿನಾಲ್ಕು ಸ್ವರಗಳಿದ್ದವು ಎನ್ನುತ್ತಾರೆ. ಮೊದಲು ಕ್ರೈಸ್ತರ ಮೇರಿ ಸ್ತುತಿ ‘ಆವೆ ಮರಿಯಾ’ ನುಡಿಸಿದ. ಆಮೇಲೆ ಲಾರ್ಡ್ ಕಿಚನರ್ ಕಟ್ಟಿದ್ದ ಒಂದು ಕಲಿಪ್ಸೊ. ಕೊನೆಗೆ ಬ್ರಿಟಿಷ್ ರಾಷ್ಟ್ರಗೀತೆ. ಗುಡಿಸಲ ಹುಡುಗ ಕಸದ ಲೋಹದಲ್ಲಿ ಸಾಮ್ರಾಜ್ಯದ ಗೀತೆ ನುಡಿಸಿದಾಗ ಗವರ್ನರ್ ಸಾಹೇಬರಿಗೆ ಏನನ್ನಿಸಿತೋ. ಪತ್ರಿಕೆಯಲ್ಲಂತೂ ಸುದ್ದಿಯಾಯಿತು.

ಇತ್ತ ಪಶ್ಚಿಮದ ವುಡ್‌ಬ್ರುಕ್ ಕೇರಿಯಲ್ಲಿ ಎಲಿಯಟ್ ಮ್ಯಾನೆಟ್ ಎಂಬ ಹತ್ತೊಂಬತ್ತರ ಆಸುಪಾಸಿನ ಹುಡುಗನಿಗೆ ಸಮಾಧಾನವಿರಲಿಲ್ಲ. ಎಲ್ಲರೂ ಎಲಿ ಎನ್ನುತ್ತಿದ್ದ ಅವನು ಯಂತ್ರಶಾಲೆಯಲ್ಲಿ ಕೆಲಸ ಕಲಿತವನು. ಲೋಹ ಹೇಗೆ ಬಗ್ಗುತ್ತದೆ, ಎಲ್ಲಿ ಹರಿಯುತ್ತದೆ ಎಂಬುದು ಅವನ ಕೈಗೆ ಗೊತ್ತಿತ್ತು. ಕ್ರಿಕೆಟ್ ಆಡುವ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದ ಎದುರಿನ ಅಂಗಳದಲ್ಲಿ, ದೀವಿಹಲಸಿನ ಮರದ ಕೆಳಗೆ, ಅವನ ತಂಡ ಇನ್ವೇಡರ್ಸ್ ಸೇರುತ್ತಿತ್ತು. ಆವರೆಗೆ ಎಲ್ಲರೂ ಡಬ್ಬಿಯ ಮುಖವನ್ನು ಗುಮ್ಮಟದಂತೆ ಹೊರಕ್ಕೆ ಉಬ್ಬಿಸಿ, ಉಬ್ಬಿನ ಮೇಲೆ ಸ್ವರ ಕೂರಿಸುತ್ತಿದ್ದರು. ಎಲಿ ಅದನ್ನು ಮಗುಚಿದ: ಮುಖವನ್ನು ಒಳಕ್ಕೆ, ಬೋಗುಣಿಯ ಹಾಗೆ ತಗ್ಗಿಸಿದ. ಜಾಗ ಹೆಚ್ಚಾಯಿತು, ಕೋಲು ಎಲ್ಲ ಸ್ವರಗಳಿಗೂ ಸಲೀಸಾಗಿ ತಾಗತೊಡಗಿತು. ಆದರೆ ಬಿಸ್ಕತ್ತು ಡಬ್ಬಿಯ ತೆಳು ತಗಡು ಅಷ್ಟು ಬಡಿತ ತಾಳದೆ ಹರಿದು ಹೋಗುತ್ತಿತ್ತು. ವಾರಗಟ್ಟಲೆ ಹದ ಮಾಡಿದ ಡಬ್ಬಿ ಕೊನೆಯ ಏಟಿಗೆ ಬಾಯಿ ಬಿಡುತ್ತಿತ್ತು.

ಅವನ ಬಳಿ ಬ್ಯಾರಕೂಡಾ ಎಂದು ಹೆಸರಿಟ್ಟ, ಎಲ್ಲರೂ ಆಸೆಪಡುವ ಒಂದು ಡ್ರಮ್ಮಿತ್ತು. ಜಾನ್ ಜಾನ್ ಕಡೆಯ ಟೋಕಿಯೋ ತಂಡದವರು ಒಂದು ಹೊಡೆದಾಟದಲ್ಲಿ ಅದನ್ನು ಕಸಿದುಕೊಂಡು ಹೋಗಿ, ಧೈರ್ಯವಿದ್ದರೆ ಬಂದು ಇಳಿಸಿಕೋ ಎಂಬಂತೆ ತಮ್ಮ ಕೇರಿಯ ಮರಕ್ಕೆ ನೇತುಹಾಕಿದರು ಎಂಬುದು ಕೇರಿಯ ಕತೆ. ಎಲಿ ಇಳಿಸಿಕೊಳ್ಳಲು ಹೋಗಲಿಲ್ಲ, ಅದಕ್ಕಿಂತ ಒಳ್ಳೆಯದನ್ನು ಮಾಡಲು ಕೂತ. ಈ ಬಾರಿ ಕೈಗೆತ್ತಿಕೊಂಡದ್ದು 55 ಗ್ಯಾಲನ್ನಿನ ಪೀಪಾಯಿ. ದಪ್ಪ ಉಕ್ಕು, ಒಂದು ಪೆಟ್ಟಿಗೆ ಜಗ್ಗುವಂಥದ್ದಲ್ಲ. ಗುಂಡುತಲೆಯ ಭಾರದ ಸುತ್ತಿಗೆಯಿಂದ ದಿನಗಟ್ಟಲೆ ಬಡಿದು ತಳವನ್ನು ಹಿಗ್ಗಿಸಿ ತಗ್ಗಿಸಬೇಕು; ಬಡಿಯುವವನ ಕಿವಿ ಗುಂಯ್‌ಗುಡಬೇಕು. ಆದರೆ ಆ ದಪ್ಪ ಉಕ್ಕು ಹಿಗ್ಗಿತು, ಹರಿಯಲಿಲ್ಲ. ಸ್ವರ ಒಮ್ಮೆ ಕೂತರೆ ಬೇಗ ಕದಲಲಿಲ್ಲ. ಬರಿ ಕೋಲು ತಾಗಿದಾಗ ಬರುತ್ತಿದ್ದ ಕರ್ಕಶ ಟಣಟಣವೂ ಅವನಿಗೆ ಹಿಡಿಸಲಿಲ್ಲ. ಕೋಲಿನ ತುದಿಗೆ ರಬ್ಬರು ಸುತ್ತಿದ. ಇದೆಲ್ಲ ನಡೆದದ್ದು 1946ರ ಸುಮಾರಿಗೆ. ಎಣ್ಣೆ ಪೀಪಾಯಿ ಹಾಡಿತು.

ಆದರೆ ಅದು ತೆಳ್ಳನೆಯ ಮೇಲುಸ್ವರದ ಒಂಟಿ ಹಾಡು. ತಳದ ಸ್ವರ ಎಲ್ಲಿ? ಹೆಲ್ ಯಾರ್ಡಿನಲ್ಲಿ ನೆವಿಲ್ ಜೂಲ್ಸ್ ಇದರ ಬೆನ್ನು ಹತ್ತಿದ. ದೊಡ್ಡ ಡಬ್ಬಿಗಳನ್ನು ಶ್ರುತಿ ಮಾಡಿ ಮಂದ್ರ ಸ್ವರ ತೆಗೆದ. ವೆನೆಜುವೆಲಾದ ಕ್ವಾತ್ರೊ ತಂತಿವಾದ್ಯ ಹಾಡಿಗೆ ಜೊತೆ ನುಡಿಸುವುದನ್ನು ಕೇಳಿ ಅದೇ ಕೆಲಸಕ್ಕೆ ಕ್ವಾತ್ರೊ ಪ್ಯಾನ್ ಮಾಡಿದ; ಶ್ರುತಿ ಮಾಡಿದ ಈ ಲೋಹದ ಡ್ರಮ್ಮನ್ನು ಊರು ಪ್ಯಾನ್ ಎನ್ನುತ್ತಿತ್ತು. ಅವನ ಆಲ್ ಸ್ಟಾರ್ಸ್ ತಂಡ ಮುಂದೆ 1950ರ ದಶಕದಲ್ಲಿ ಯುರೋಪಿನ ಶಾಸ್ತ್ರೀಯ ಕೃತಿಗಳನ್ನು ಯಾರಿಗೂ ಕೇಳಿಸದಂತೆ ಮೆಲ್ಲಗೆ ಅಭ್ಯಾಸ ಮಾಡಿಕೊಂಡು, ಕಾರ್ನಿವಲ್‌ನ ಬೆಳಗಿನ ಜಾವ ಕುಣಿತದ ಲಯದಲ್ಲಿ ಎದುರಾಳಿಗಳ ಮೇಲೆ ಹಠಾತ್ತನೆ ಎಸೆಯುತ್ತಿತ್ತು. ಅದಕ್ಕೆ ಊರು ಇಟ್ಟ ಹೆಸರು ‘ಬಾಂಬ್’.

ನಿಜವಾದ ಏಟುಗಳೂ ಬೀಳುತ್ತಿದ್ದವು. ಇನ್ವೇಡರ್ಸ್, ಟೋಕಿಯೋ, ಕಾಸಾಬ್ಲಾಂಕಾ, ಡೆಸ್ಪೆರಾಡೋಸ್, ರೆನೆಗೇಡ್ಸ್ ಎಂದು ಯುದ್ಧದ, ಪುಂಡರ ಸಿನಿಮಾಗಳಿಂದ ಹೆಸರು ಹೆಕ್ಕಿಕೊಂಡ ತಂಡಗಳು ಹೆಸರಿಗೆ ತಕ್ಕ ಹಾಗೇ ನಡೆದುಕೊಂಡವು. 1950ರ ಕಾರ್ನಿವಲ್‌ನಲ್ಲಿ ಇನ್ವೇಡರ್ಸ್ ಮತ್ತು ಟೋಕಿಯೋ ತಂಡಗಳು ಎದುರಾದಾಗ ನಡೆದ ಹೊಡೆದಾಟದ ಮೇಲೆ ಲಾರ್ಡ್ ಬ್ಲೇಕಿ ಮುಂದೆ ಒಂದು ಕಲಿಪ್ಸೊವನ್ನೇ ಕಟ್ಟಿದ. ಪ್ಯಾನ್ ಹಿಡಿದ ಹುಡುಗನೆಂದರೆ ಪೋಲಿ ಎಂದೇ ಲೆಕ್ಕ. ಅವನಿಗೆ ಹೆಣ್ಣು ಕೊಡುವ ಮಾತು ಹಾಗಿರಲಿ, ಹೆತ್ತವರೇ ಮನೆಯಿಂದ ಹೊರಹಾಕುತ್ತಿದ್ದರು. ಈ ಗದ್ದಲದ ನಡುವೆ ಬೆರಿಲ್ ಮೆಕ್‌ಬರ್ನಿ ಎಂಬ ನೃತ್ಯಗಾರ್ತಿ ಗಟ್ಟಿ ನಿಂತಳು. 1948ರಲ್ಲಿ ತಾನು ತೆರೆದ ಲಿಟಲ್ ಕ್ಯಾರಿಬ್ ರಂಗಮಂದಿರಕ್ಕೆ ಇನ್ವೇಡರ್ಸ್ ತಂಡವನ್ನು ಕರೆದು ವೇದಿಕೆ ಹತ್ತಿಸಿದಳು. ಬೀದಿಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದ ಮಧ್ಯಮ ವರ್ಗ ಕುರ್ಚಿಯಲ್ಲಿ ಕೂತು ಮೊದಲ ಸಲ ಪ್ಯಾನ್ ಕೇಳಿತು. ಸರ್ಕಾರ ಒಂದು ಸಮಿತಿ ಮಾಡಿತು, ತಂಡಗಳು ಸೇರಿ ಸಂಘ ಕಟ್ಟಿಕೊಂಡವು.

1951ರಲ್ಲಿ ಬ್ರಿಟನ್ ದೇಶಹಬ್ಬವೊಂದನ್ನು ಲಂಡನ್ನಿನಲ್ಲಿ ಏರ್ಪಡಿಸಿತು. ಟ್ರಿನಿಡಾಡಿನಿಂದ ಒಂದು ಪ್ಯಾನ್ ತಂಡ ಕಳಿಸಬೇಕೆಂಬ ಮಾತು ಹೊರಟಾಗ, ಒಬ್ಬರ ತಲೆ ಒಬ್ಬರು ಒಡೆಯುತ್ತಿದ್ದ ಕೇರಿಗಳಿಂದ ಒಬ್ಬೊಬ್ಬನನ್ನು ಆರಿಸಿ ಒಂದೇ ತಂಡ ಕಟ್ಟಿದರು. ಸ್ಪ್ರೀ ಸೈಮನ್, ಎಲಿ ಮ್ಯಾನೆಟ್, ಆಂಥೊನಿ ವಿಲಿಯಮ್ಸ್, ಸ್ಟರ್ಲಿಂಗ್ ಬೆಟನ್‌ಕೋರ್ಟ್ ಎಲ್ಲ ಅದರಲ್ಲಿದ್ದರು. ತಂಡದ ಹೆಸರು ಟಾಸ್ಪೊ. ತರಬೇತಿಗೆ ಬಂದವರು ಪೊಲೀಸ್ ಬ್ಯಾಂಡಿನ ಜೋಸೆಫ್ ಗ್ರಿಫಿತ್, ಬಾರ್ಬಡೋಸ್ ಮೂಲದವರು, ಶಾಸ್ತ್ರ ಬಲ್ಲವರು, ಕಟ್ಟುನಿಟ್ಟಿನವರು. ಹನ್ನೆರಡೂ ಸ್ವರಸ್ಥಾನಗಳಿಲ್ಲದ ವಾದ್ಯವನ್ನು ತಾನು ಲಂಡನ್ನಿಗೆ ಒಯ್ಯುವುದಿಲ್ಲ ಎಂದು ಹಠ ಹಿಡಿದರು. ಮಂದ್ರ ಸ್ವರಗಳಿಗೆ ಅಗಲ ಜಾಗ ಬೇಕು, ಒಂದು ಪೀಪಾಯಿಯಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ ಎಂದರು ಹುಡುಗರು. ಹಾಗಾದರೆ ಒಬ್ಬನೇ ಮೂರು ಪೀಪಾಯಿ ಇಟ್ಟುಕೊಂಡು ನುಡಿಸಲಿ ಎಂದರು ಗ್ರಿಫಿತ್. ಪ್ಯಾನ್ ಪೂರ್ಣ ವಾದ್ಯವಾದದ್ದು ಆ ಕೆಲವು ವಾರಗಳ ಜಗಳದಲ್ಲಿ.

ಜುಲೈ ಮೊದಲ ವಾರದಲ್ಲಿ ಸ್ಯಾನ್ ಮಟೆಯೊ ಎಂಬ ಹಡಗು ಹತ್ತಿದರು. ದಾರಿಯಲ್ಲಿ ಮಾರ್ಟಿನಿಕ್‌ನಲ್ಲಿ ತಂಡದ ಸನ್ನಿ ರೋಚ್ ಕಾಯಿಲೆ ಬಿದ್ದು ಊರಿಗೆ ಮರಳಬೇಕಾಯಿತು; ಉಳಿದವರು ಮುಂದೆ ಹೋದರು. ಜುಲೈ 26ರಂದು ಥೇಮ್ಸ್ ನದಿಯ ದಂಡೆಯ ಸೌತ್ ಬ್ಯಾಂಕ್ ಬಯಲಿನಲ್ಲಿ ಪೀಪಾಯಿಗಳನ್ನು ಜೋಡಿಸಿದರು. ಸಮುದ್ರದ ಗಾಳಿಗೆ ತುಕ್ಕು ಹಿಡಿದಿದ್ದ, ಬಣ್ಣ ಕಾಣದ ಪೀಪಾಯಿಗಳು. ಹಾದು ಹೋಗುತ್ತಿದ್ದವರು ಗುಜರಿ ಸಾಮಾನಿನ ಸುತ್ತ ನಿಂತ ಈ ಜನರನ್ನು ಕಂಡು ನಕ್ಕರು. ಕೋಲುಗಳು ಮೇಲೆದ್ದವು. ಮಾಂಬೊ ನುಡಿಯಿತು, ಆಮೇಲೆ ಯುರೋಪಿನ ಶಾಸ್ತ್ರೀಯ ತುಣುಕುಗಳು ನುಡಿದವು. ನಕ್ಕವರು ಹತ್ತಿರ ಬಂದು ಪೀಪಾಯಿಯೊಳಗೆ ಇಣುಕಿದರು, ಒಳಗೆ ಏನಾದರೂ ಯಂತ್ರ ಇದೆಯೇ ಎಂದು. ಸ್ಟರ್ಲಿಂಗ್ ಬೆಟನ್‌ಕೋರ್ಟ್ ಊರಿಗೆ ಮರಳದೆ ಅಲ್ಲೇ ಉಳಿದ. 1966ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಬೀದಿಗಳಲ್ಲಿ ಮೊದಲ ಸಲ ಪ್ಯಾನ್ ಮೆರವಣಿಗೆ ಹೊರಟಾಗ ಅದರಲ್ಲಿ ಅವನೂ ಇದ್ದ.

ಊರಿಗೆ ಮರಳಿದವರಿಗೆ ಹೊಸ ತಲೆನೋವು ಕಾದಿತ್ತು. ಒಂದು ಸ್ವರ ಬಡಿದರೆ ಪಕ್ಕದ ಸ್ವರವೂ ಮೆಲ್ಲಗೆ ಮಿಡಿಯುತ್ತಿತ್ತು. ಒಂದನ್ನು ಶ್ರುತಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಯಾವ ಸ್ವರ ಎಲ್ಲಿ ಕೂರಬೇಕೆಂಬ ನಿಯಮವೂ ಇರಲಿಲ್ಲ, ಪ್ರತಿ ತಂಡಕ್ಕೂ ಅದರದೇ ನಕ್ಷೆ. ಆಂಥೊನಿ ವಿಲಿಯಮ್ಸ್ ಈ ಮಿಡಿತವನ್ನು ತಡೆಯುವ ಯತ್ನ ಬಿಟ್ಟು, ಅದರ ಜೊತೆ ರಾಜಿ ಮಾಡಿಕೊಂಡ. ಪಕ್ಕದವನು ಹೇಗೂ ಮಿಡಿಯುತ್ತಾನೆ. ಹಾಗಾದರೆ ಹೊಂದುವವನನ್ನೇ ಪಕ್ಕದಲ್ಲಿ ಕೂರಿಸಿದರಾಯಿತು. ಪ್ರತಿ ಸ್ವರದ ಒಂದು ಬದಿಗೆ ಅದರ ಪಂಚಮ, ಇನ್ನೊಂದು ಬದಿಗೆ ಮಧ್ಯಮ ಬರುವ ಹಾಗೆ ಸುತ್ತಲೂ ಜೋಡಿಸಿ, ಒಳಗಿನ ಸುತ್ತಿನಲ್ಲಿ ಅವುಗಳ ತಾರಸ್ಥಾಯಿಯನ್ನು ಇಟ್ಟ. ಗೆರೆ ಎಳೆದರೆ ಜೇಡರ ಬಲೆಯಂತೆ ಕಾಣುತ್ತಿತ್ತು, ಆ ಹೆಸರೇ ನಿಂತಿತು. 1963ರಲ್ಲಿ, ದೇಶ ಸ್ವತಂತ್ರವಾದ ಮರುವರ್ಷ, ಶುರುವಾದ ಪ್ಯಾನ್ ತಂಡಗಳ ಪನೊರಮ ಸ್ಪರ್ಧೆಯನ್ನು ಅವನ ನಾರ್ತ್ ಸ್ಟಾರ್ಸ್ ತಂಡವೇ ಗೆದ್ದಿತು.

ಗುಡ್ಡದ ಮೇಲಿನ ಲಾವೆಂಟಿಲ್ ಕೇರಿಯ ಬರ್ಟಿ ಮಾರ್ಷಲ್‌ಗೆ ಕಿವಿಯೇ ಶತ್ರು. ಸ್ವರ ಸರಿ ಇದೆ ಎಂದು ಎಲ್ಲರೂ ಹೇಳಿದ ಪ್ಯಾನ್‌ನಲ್ಲೂ ಅವನಿಗೆ ಏನೋ ಒಡಕು ಕೇಳಿಸುತ್ತಿತ್ತು. ಸ್ವರದ ಒಳಗೇ ಇನ್ನೊಂದು ಸಣ್ಣ ಸ್ವರ ಅಡಗಿದೆ, ಅದು ಹೊಂದುತ್ತಿಲ್ಲ ಎಂಬುದನ್ನು ಪತ್ತೆ ಮಾಡಿ, ಆ ಒಳಸ್ವರ ಮೂಲಸ್ವರದ ಮೇಲಿನ ಷಡ್ಜವಾಗುವವರೆಗೂ ಸಣ್ಣ ಸುತ್ತಿಗೆಯಿಂದ ತಟ್ಟಿದ. ಒಡಕು ಹೋಗಿ ಗಂಟೆಯ ಹೊಳಪು ಬಂತು. ಬಿಸಿಲಿಗೆ ಉಕ್ಕು ಹಿಗ್ಗಿ ಶ್ರುತಿ ಜಾರುವುದನ್ನು ಕಂಡು ತನ್ನ ಹೈಲ್ಯಾಂಡರ್ಸ್ ತಂಡದ ಪ್ಯಾನ್‌ಗಳಿಗೆ ಮೇಲೆ ಬಟ್ಟೆಯ ಚಪ್ಪರ ಕಟ್ಟಿದವನೂ ಅವನೇ.

ತಾಸಾ ಬಡಿಯುತ್ತಿದ್ದವರ ಮಕ್ಕಳು ಎಲ್ಲಿ ಹೋದರು? ಲೋಪಿನೊ ಕಣಿವೆಯ ಸರ‍್ರೆ ಹಳ್ಳಿಯಲ್ಲಿ, ಭಾರತದಿಂದ ಬಂದ ಕೂಲಿಗಳ ಪೀಳಿಗೆಯ ಬಡ ಕುಟುಂಬದಲ್ಲಿ 1950ರಲ್ಲಿ ಹುಟ್ಟಿದ ಜಿತ್ ಸಮಾರೂ ಒಡಹುಟ್ಟಿದವರನ್ನೇ ಸೇರಿಸಿಕೊಂಡು ಪ್ಯಾನ್ ತಂಡ ಕಟ್ಟಿದ. ಹೊಡೆದಾಟಕ್ಕೆ ಹೆಸರಾಗಿದ್ದ ಆಫ್ರಿಕನ್ ಹುಡುಗರ ರೆನೆಗೇಡ್ಸ್ ತಂಡ, ಮಿತಮಾತಿನ ಈ ಭಾರತೀಯ ಮೂಲದವನನ್ನು ತನ್ನ ಸಂಗೀತ ಸಂಯೋಜಕನನ್ನಾಗಿ ಕರೆಯಿತು. ಎರಡು ಜನಾಂಗಗಳ ನಡುವೆ ರಾಜಕೀಯ ಗೋಡೆ ಏಳುತ್ತಿದ್ದ ದಿನಗಳವು. 1982ರಿಂದ 1997ರ ನಡುವೆ ಅವನು ಆ ತಂಡಕ್ಕೆ ಒಂಬತ್ತು ಸಲ ಪನೊರಮ ಗೆದ್ದುಕೊಟ್ಟ. ಕೊನೆಯ ಮೂರು ಸತತವಾಗಿ.

ಇಷ್ಟೆಲ್ಲ ಆದ ಮೇಲೆ ವಿಜ್ಞಾನಿಗಳು ಬಂದರು. ಅಮೆರಿಕದ ಥಾಮಸ್ ರಾಸಿಂಗ್ ಮತ್ತು ಸಂಗಡಿಗರು ಲೇಸರ್ ಬೆಳಕಿನಲ್ಲಿ ಪ್ಯಾನ್‌ನ ಕಂಪನದ ಚಿತ್ರ ತೆಗೆದು ನೋಡಿದಾಗ ಸ್ಪ್ರೀಯ ಕಲ್ಲು ಮಾಡಿದ್ದೇನು ಎಂಬುದು ಬಿಡಿಸಿಕೊಂಡಿತು. ಬೋಗುಣಿಯ ಒಳಗಿನ ಪ್ರತಿ ಸಣ್ಣ ಉಬ್ಬು ತನ್ನಷ್ಟಕ್ಕೆ ಕಂಪಿಸುವ ಒಂದು ಪುಟ್ಟ ಚಿಪ್ಪು. ಅದರ ಅಗಲ, ದಪ್ಪ, ಬಾಗು, ಬಿಗಿತಗಳು ಸ್ವರವನ್ನು ತೀರ್ಮಾನಿಸುತ್ತವೆ. ಅಗಲವಿದ್ದರೆ ಮಂದ್ರ, ಕಿರಿದಾದರೆ ತಾರ. ಬಡಿದಾಗ ಶಕ್ತಿ ಮೂಲಸ್ವರದಲ್ಲೇ ನಿಲ್ಲದೆ, ಅದರ ಎರಡರಷ್ಟು ಮತ್ತು ಅದಕ್ಕೂ ಮೇಲಿನ ಕಂಪನಗಳಿಗೆ ಹರಿಯುತ್ತದೆ. ಅವು ಪೂರ್ಣಾಂಕದ ಪಟ್ಟಿನಲ್ಲಿದ್ದರೆ ಮಾತ್ರ ಸ್ವರ ಹೊಳೆಯುತ್ತದೆ. 1920ರಲ್ಲಿ ಸಿ.ವಿ. ರಾಮನ್ ಮೃದಂಗ, ತಬಲಗಳ ಬಗ್ಗೆ ತೋರಿಸಿಕೊಟ್ಟದ್ದೂ ಇದನ್ನೇ: ಚರ್ಮದ ನಡುವಿನ ಕಪ್ಪು ಕರಣೆ ಒಡಕು ಕಂಪನಗಳನ್ನು ಪೂರ್ಣಾಂಕಕ್ಕೆ ಎಳೆದು ತರುತ್ತದೆ. ಅಲ್ಲಿ ಕರಣೆ ಮಾಡಿದ ಕೆಲಸವನ್ನು ಇಲ್ಲಿ ಸುತ್ತಿಗೆ ಮಾಡಿತು. ಬಡಿದ ಪೀಪಾಯಿಯನ್ನು ಹುಡುಗರು ಬೆಂಕಿಯ ಮೇಲಿಟ್ಟು ಸುಡುತ್ತಿದ್ದುದಕ್ಕೂ ಕಾರಣವಿತ್ತು: ಬಡಿತದಿಂದ ಹಿಗ್ಗಿದ ಉಕ್ಕಿನೊಳಗೆ ಕಾರ್ಬನ್, ನೈಟ್ರೋಜನ್ ಪರಮಾಣುಗಳು ಆ ಕಾವಿಗೆ ಸರಿದು ಬಂದು ಲೋಹವನ್ನು ಗಡುಸು ಮಾಡುತ್ತವೆ, ಶ್ರುತಿ ಬಹುಕಾಲ ನಿಲ್ಲುತ್ತದೆ.

ಟ್ರಿನಿಡಾಡ್ ಮತ್ತು ಟೊಬಾಗೊ ಸರ್ಕಾರ 1992ರಲ್ಲಿ ಪ್ಯಾನ್ ಅನ್ನು ರಾಷ್ಟ್ರವಾದ್ಯವೆಂದು ಘೋಷಿಸಿತು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಸಾರಿತು. ಸ್ಪ್ರೀ ಸೈಮನ್ 1976ರಲ್ಲೇ ತೀರಿಕೊಂಡಿದ್ದ. ಎಲಿ ಮ್ಯಾನೆಟ್ ಅಮೆರಿಕಕ್ಕೆ ಹೋಗಿ, ವೆಸ್ಟ್ ವರ್ಜೀನಿಯಾದ ವಿಶ್ವವಿದ್ಯಾಲಯದಲ್ಲಿ ಶಿಷ್ಯರಿಗೆ ಸುತ್ತಿಗೆ ಹಿಡಿಯುವುದನ್ನು ಕಲಿಸಿ, 2018ರಲ್ಲಿ ತೀರಿಕೊಂಡ. ಬೋಗುಣಿಯನ್ನು ಒತ್ತಿ ಕೊಡುವ ಯಂತ್ರಗಳು ಬಂದಿವೆ. ಶ್ರುತಿ ಮಾಡುವುದು ಮಾತ್ರ ಇಂದಿಗೂ ಸುತ್ತಿಗೆ ಹಿಡಿದ ಮನುಷ್ಯನೇ.